ಟಿವಿ ಬಾಕ್ಸ್ ಕೈಕೊಟ್ಟಾಗ: ರೀಸೆಟ್ ಒತ್ತುವ ಮೊದಲು ನೋಡಬೇಕಾದದ್ದು

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಯ ಟಿವಿ ಪ್ರತಿ ಸಂಜೆಯೂ ಒಂದೇ ರೀತಿ ಕೈಕೊಡುತ್ತಿತ್ತು. ಧಾರಾವಾಹಿ ಶುರುವಾಗಿ ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತಿತ್ತು. ಆಮೇಲೆ ಪರದೆ ಕಪ್ಪಾಗಿ, ಟಿವಿಗೆ ಸಿಕ್ಕಿಸಿದ್ದ ಸ್ಟ್ರೀಮಿಂಗ್ ಸ್ಟಿಕ್ ತಾನಾಗಿ ಮತ್ತೆ ಆನ್ ಆಗುತ್ತಿತ್ತು. "ಹಾಳಾಗಿದೆ ಮಾರಾಯ, ಹೊಸದು ತರಿಸಿಬಿಡು" ಎಂದು ಚಿಕ್ಕಮ್ಮ ಫೋನ್ ಮಾಡಿದರು. ತರಿಸುವ ಮೊದಲು ಒಮ್ಮೆ ನೋಡೋಣ ಎಂದು ಹೋದೆ. ಗೋಡೆಗೆ ಅಂಟಿಕೊಂಡಂತೆ ತೂಗುಹಾಕಿದ ಟಿವಿಯ ಹಿಂದೆ, ಎರಡು ಬೆರಳು ಹೋಗದಷ್ಟು ಸಂದಿಯಲ್ಲಿ ಸ್ಟಿಕ್ ಸಿಕ್ಕಿಕೊಂಡಿತ್ತು. ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿ. ಅದಕ್ಕೆ ಕರೆಂಟ್ ಬರುತ್ತಿದ್ದುದು ಟಿವಿಯ ಯುಎಸ್‌ಬಿ ಕಿಂಡಿಯಿಂದ. ಸ್ಟಿಕ್‌ನೊಂದಿಗೆ ಬಂದಿದ್ದ ಅಡಾಪ್ಟರ್, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ, ಬೀರುವಿನಲ್ಲಿ ಸೀರೆಗಳ ಪಕ್ಕ ಭದ್ರವಾಗಿತ್ತು. "ಹೊಸದಾಗಿಯೇ ಇರಲಿ ಅಂತ ಎತ್ತಿಟ್ಟೆ" ಎಂದರು.

ಅಡಾಪ್ಟರನ್ನು ಗೋಡೆಯ ಪ್ಲಗ್‌ಗೆ ಹಾಕಿದೆ. ಪೆಟ್ಟಿಗೆಯಲ್ಲಿಯೇ ಇದ್ದ ಗೇಣುದ್ದದ ಎಚ್‌ಡಿಎಂಐ ವಿಸ್ತರಣೆ ತಂತಿಯಿಂದ ಸ್ಟಿಕ್ಕನ್ನು ಟಿವಿಯ ಅಂಚಿನಿಂದ ಹೊರಗೆ ಇಳಿಬಿಟ್ಟೆ. ಅಂದಿನಿಂದ ಪರದೆ ಕಪ್ಪಾಗಿಲ್ಲ. ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಇಂಥ ಹತ್ತಾರು ಬಾಕ್ಸ್‌ಗಳನ್ನು ನೆಂಟರು ಮತ್ತು ನೆರೆಹೊರೆಯವರ ಮನೆಗಳಲ್ಲಿ ನೋಡಿದ ಮೇಲೆ ನನಗೆ ಮನವರಿಕೆಯಾಗಿರುವುದು ಇಷ್ಟು: ಬಾಕ್ಸ್ ಕೆಡುವುದು ಕಡಿಮೆ, ಅದರ ಸುತ್ತಲಿನ ವ್ಯವಸ್ಥೆ ಕೆಡುವುದೇ ಹೆಚ್ಚು. ಕರೆಂಟು, ಬಿಸಿ, ವೈಫೈ, ಒಳಗಿನ ಜಾಗ, ಗಡಿಯಾರ, ತಂತಿ. ಇವುಗಳನ್ನು ಒಂದು ಕ್ರಮದಲ್ಲಿ ನೋಡುತ್ತ ಹೋದರೆ ಹೆಚ್ಚಿನ ಸಲ ದಾರಿಯ ನಡುವೆಯೇ ಉತ್ತರ ಸಿಗುತ್ತದೆ. ಎಲ್ಲವನ್ನೂ ಅಳಿಸಿ ಬಾಕ್ಸನ್ನು ಕೊಂಡ ದಿನದ ಸ್ಥಿತಿಗೆ ಮರಳಿಸುವ ಫ್ಯಾಕ್ಟರಿ ರೀಸೆಟ್ ಆ ಕ್ರಮದಲ್ಲಿ ಕಟ್ಟಕಡೆಯದು. ಬಹಳ ಮಂದಿ ಅದನ್ನೇ ಮೊದಲು ಮಾಡಿ ಕಷ್ಟಕ್ಕೆ ಸಿಲುಕುತ್ತಾರೆ. ಅದಕ್ಕಾಗಿಯೇ ಈ ಬರಹ.

ಇಲ್ಲಿ ಬಾಕ್ಸ್ ಎಂದಾಗಲೆಲ್ಲ ಫೈರ್ ಟಿವಿ ಸ್ಟಿಕ್, ಕ್ರೋಮ್‌ಕಾಸ್ಟ್, ಆ್ಯಪಲ್ ಟಿವಿ, ಆಂಡ್ರಾಯ್ಡ್ ಟಿವಿ ಬಾಕ್ಸ್, ಫೈಬರ್ ಸಂಪರ್ಕದ ಕಂಪನಿ ಕೊಡುವ ಸೆಟ್‌ಟಾಪ್ ಬಾಕ್ಸ್ ಎಲ್ಲವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಹೆಜ್ಜೆ 1: ತೊಂದರೆ ಎಲ್ಲಿದೆ ಎಂದು ಗುರುತಿಸಿ

ಏನನ್ನೂ ಬದಲಿಸುವ ಮೊದಲು ಐದು ನಿಮಿಷ ಕೊಡಿ. ಒಂದು ಆ್ಯಪ್ ನಿಂತರೆ ಬೇರೊಂದನ್ನು ತೆರೆದು ನೋಡಿ. ಎರಡನೆಯದು ಸರಾಗವಾಗಿ ಓಡಿದರೆ ತೊಂದರೆ ಬಾಕ್ಸಿನದಲ್ಲ, ಆ ಆ್ಯಪಿನದು. ಎಲ್ಲವೂ ನಿಂತರೆ ನಿಮ್ಮ ಮೊಬೈಲನ್ನು ಅದೇ ವೈಫೈಗೆ ಜೋಡಿಸಿ, ಟಿವಿಯ ಪಕ್ಕದಲ್ಲೇ ನಿಂತು ಒಂದು ವಿಡಿಯೊ ಹಾಕಿ. ರೂಟರ್ ಪಕ್ಕ ನಿಂತು ನೋಡಿದರೆ ಪ್ರಯೋಜನವಿಲ್ಲ. ಚಿತ್ರವೇ ಬರದಿದ್ದರೆ ಬಾಕ್ಸನ್ನು ಟಿವಿಯ ಇನ್ನೊಂದು ಎಚ್‌ಡಿಎಂಐ ಕಿಂಡಿಗೆ ಬದಲಿಸಿ.

ಲಕ್ಷಣಗಳೂ ದಾರಿ ತೋರಿಸುತ್ತವೆ. ಬಾಕ್ಸ್ ತಾನಾಗಿ ಆಫ್ ಆಗಿ ಆನ್ ಆಗುತ್ತಿದ್ದರೆ ಮೊದಲ ಅನುಮಾನ ಕರೆಂಟಿನ ಮೇಲೆ. ಚಿತ್ರ ನಿಂತು ಚಕ್ರ ಸುತ್ತುತ್ತಿದ್ದರೆ ವೈಫೈ ಮೇಲೆ. ರಿಮೋಟ್ ಒತ್ತಿದ ಎರಡು ಮೂರು ಸೆಕೆಂಡಿನ ಬಳಿಕ ಪರದೆ ಕದಲುತ್ತಿದ್ದರೆ ಬಿಸಿ ಅಥವಾ ಜಾಗದ ಕೊರತೆ. ನಿನ್ನೆಯವರೆಗೆ ಸರಿಯಿದ್ದ ಆ್ಯಪ್‌ಗಳೆಲ್ಲ ಒಂದೇ ದಿನ ಸಂಪರ್ಕ ಸುರಕ್ಷಿತವಲ್ಲ ಎಂದು ತಕರಾರು ಎತ್ತಿದರೆ ಗಡಿಯಾರ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ತಂತಿ, ಪ್ಲಗ್, ಸೆಟ್ಟಿಂಗ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ವಾರ ಮತ್ತೆ ಕೆಟ್ಟಾಗ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಹೆಜ್ಜೆ 2: ಕರೆಂಟು

ಟಿವಿಯಲ್ಲಿರುವ ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ನಿಯಮದ ಪ್ರಕಾರ ಕೊಡುವುದು 5 ವೋಲ್ಟ್, 500 ಮಿಲಿ ಆ್ಯಂಪಿಯರ್. ಅಂದರೆ ಎರಡೂವರೆ ವಾಟ್. ಸ್ಟಿಕ್ ಜೊತೆ ಬರುವ ಅಡಾಪ್ಟರ್ ಸಾಮಾನ್ಯವಾಗಿ 5 ವೋಲ್ಟ್, 1 ಆ್ಯಂಪಿಯರ್, ಅಂದರೆ 5 ವಾಟ್. ಕೆಲವು 4ಕೆ ಬಾಕ್ಸ್‌ಗಳಿಗೆ ಅದಕ್ಕಿಂತಲೂ ಹೆಚ್ಚು ಬೇಕು. ಸುಮ್ಮನೆ ಮುಖಪುಟ ತೋರಿಸುತ್ತ ಕುಳಿತಾಗ ಬಾಕ್ಸ್ ಕಡಿಮೆ ಕರೆಂಟಿನಲ್ಲೂ ನಡೆಯುತ್ತದೆ. ಆದ್ದರಿಂದಲೇ ಟಿವಿಯ ಕಿಂಡಿಗೆ ಹಾಕಿದವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ವೈಫೈಯಿಂದ ಡೇಟಾ ಎಳೆಯುವುದು, ಒತ್ತಿ ಕಿರಿದಾಗಿಸಿ ಕಳಿಸಿದ ಚಿತ್ರವನ್ನು ಬಿಚ್ಚಿ ತೋರಿಸುವುದು, ಹಿಂದೆ ಆ್ಯಪ್ ಅಪ್‌ಡೇಟ್ ಆಗುವುದು, ಎಲ್ಲವೂ ಒಟ್ಟಿಗೆ ಬಂದಾಗ ವೋಲ್ಟೇಜ್ ಕುಸಿದು ಬಾಕ್ಸ್ ಮತ್ತೆ ಮೊದಲಿನಿಂದ ಏಳುತ್ತದೆ.

ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಬಹಳ ಟಿವಿಗಳು ಆಫ್ ಆದ ತಕ್ಷಣ ಯುಎಸ್‌ಬಿ ಕಿಂಡಿಯ ಕರೆಂಟನ್ನೂ ಕಡಿದುಬಿಡುತ್ತವೆ. ಬಾಕ್ಸ್‌ಗಳು ಅಪ್‌ಡೇಟ್ ಮಾಡಿಕೊಳ್ಳುವುದು ಯಾರೂ ಬಳಸದ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಕರೆಂಟೇ ಇಲ್ಲದಿದ್ದರೆ ಅಪ್‌ಡೇಟ್ ಬಾಕಿ ಉಳಿದು, ಸಂಜೆ ನೀವು ಕುಳಿತಾಗಲೇ ಶುರುವಾಗುತ್ತದೆ. ಅರ್ಧದಲ್ಲಿ ಕರೆಂಟ್ ಕಡಿದರೆ ಒಳಗಿನ ತಂತ್ರಾಂಶವೇ ಕೆಡಬಹುದು.

ಮಾಡಬೇಕಾದದ್ದು: ಬಾಕ್ಸಿನೊಂದಿಗೆ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್‌ಗೆ ಹಾಕಿ. ಅದು ಕಳೆದಿದ್ದರೆ ಅದೇ ವೋಲ್ಟ್ ಮತ್ತು ಅದಕ್ಕೆ ಸಮ ಅಥವಾ ಹೆಚ್ಚಿನ ಆ್ಯಂಪಿಯರ್ ಇರುವುದನ್ನು ತನ್ನಿ. ವೋಲ್ಟ್ ಒಂದೇ ಇರಬೇಕು, ಆ್ಯಂಪಿಯರ್ ಹೆಚ್ಚಿದ್ದರೆ ಅಡ್ಡಿಯಿಲ್ಲ. ಹಳೆಯ ಮೊಬೈಲಿನ ಸವೆದ ಯುಎಸ್‌ಬಿ ತಂತಿ ಬಳಸಬೇಡಿ. ತೆಳು ತಂತಿಯಲ್ಲಿ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ, ಅಡಾಪ್ಟರ್ ಎಷ್ಟೇ ಒಳ್ಳೆಯದಾಗಿದ್ದರೂ ಪ್ರಯೋಜನವಾಗುವುದಿಲ್ಲ.

ನಮ್ಮ ಊರುಗಳ ಕರೆಂಟಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕರೆಂಟ್ ಹೋಗಿ ಬಂದಾಗ ಬಾಕ್ಸ್ ಅರ್ಧ ನಿಮಿಷ, ಒಂದು ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ಫೈಬರ್ ಸಂಪರ್ಕದ ಪೆಟ್ಟಿಗೆ ಮತ್ತು ರೂಟರ್ ಏಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬಾಕ್ಸ್ ಹುಡುಕುವಾಗ ವೈಫೈ ಇನ್ನೂ ಬಂದಿರುವುದಿಲ್ಲ, "ನೆಟ್‌ವರ್ಕ್ ಇಲ್ಲ" ಎಂದು ತೋರಿಸುತ್ತದೆ. ಮನೆಯವರು ಗಾಬರಿಯಾಗಿ ಸೆಟ್ಟಿಂಗ್ಸ್‌ಗೆ ಹೋಗಿ ವೈಫೈ ಹೆಸರನ್ನೇ ಅಳಿಸಿಬಿಡುತ್ತಾರೆ, ಆಮೇಲೆ ಪಾಸ್‌ವರ್ಡ್ ಹುಡುಕುವ ಪಾಡು. ಐದು ನಿಮಿಷ ಕಾದು ಬಾಕ್ಸನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸಾಕು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಾದರೆ ರೂಟರಿಗೆಂದೇ ಸಿಗುವ ಅಂಗೈ ಅಗಲದ ಪುಟ್ಟ ಯುಪಿಎಸ್ ಹಾಕಿಸಿಕೊಳ್ಳಿ. ಕೊಳ್ಳುವಾಗ ರೂಟರ್ ಕೆಳಗಿನ ಚೀಟಿಯಲ್ಲಿರುವ ವೋಲ್ಟ್ ಮತ್ತು ಆ್ಯಂಪಿಯರ್ ಓದಿ. 12 ವೋಲ್ಟ್ ಸಾಮಾನ್ಯ, ಆದರೆ 5 ಮತ್ತು 9 ವೋಲ್ಟಿನವೂ ಇವೆ.

ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಮಲೆನಾಡು ಮತ್ತು ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಟಿವಿಯ ಪ್ಲಗ್ ಕಿತ್ತವರು ಬಾಕ್ಸಿನಿಂದ ರೂಟರಿಗೆ ಹೋಗುವ ಲ್ಯಾನ್ ತಂತಿಯನ್ನೂ ಡಿಶ್ ತಂತಿಯನ್ನೂ ಮರೆಯುತ್ತಾರೆ. ಫೈಬರ್ ಎಳೆ ಗಾಜಿನದು, ಅದರಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ. ತಾಮ್ರದ ತಂತಿಗಳಲ್ಲಿ ಹರಿಯುತ್ತದೆ, ಎಚ್‌ಡಿಎಂಐ ಮೂಲಕ ಟಿವಿಯವರೆಗೂ ಬರುತ್ತದೆ. ಮೊದಲ ಗುಡುಗು ಕೇಳುವ ಮುಂಚೆಯೇ, ಮೋಡ ಕಟ್ಟುವಾಗಲೇ ಕಿತ್ತಿಡಿ. ನೆತ್ತಿಯ ಮೇಲೆ ಗುಡುಗುವಾಗ ತಂತಿಗಳಿಗೆ ಕೈ ಹಾಕುವುದು ಅಪಾಯ.

ಹೆಜ್ಜೆ 3: ಬಿಸಿ

ಆ್ಯಪಲ್ ಟಿವಿಯ ವಿವರಪಟ್ಟಿಯಲ್ಲಿ ಅದು ಕೆಲಸ ಮಾಡಬೇಕಾದ ವಾತಾವರಣದ ಉಷ್ಣತೆ 0ಯಿಂದ 35 ಡಿಗ್ರಿ ಎಂದಿದೆ. ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಹೊರಗೆ 40 ದಾಟುವುದು ಮಾಮೂಲು, ಟಿವಿಯ ಹಿಂದಿನ ಸಂದಿ ಅದಕ್ಕಿಂತಲೂ ಬಿಸಿ. ಬಿಸಿ ಹೆಚ್ಚಾದಾಗ ಒಳಗಿನ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ರಿಮೋಟ್ ಒತ್ತಿದರೂ ಸ್ಪಂದಿಸದೆ ತಡವರಿಸುವುದು ಅದರಿಂದಲೇ. ಇನ್ನೂ ಹೆಚ್ಚಾದರೆ ಬಾಕ್ಸ್ ನಿಂತೇಹೋಗುತ್ತದೆ. ಅಡಾಪ್ಟರಿನೊಳಗೆ ಇರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯುಸ್ಸು ಪ್ರತಿ 10 ಡಿಗ್ರಿ ಹೆಚ್ಚಳಕ್ಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ದುರಸ್ತಿ ಮಾಡುವವರೆಲ್ಲ ನೆಚ್ಚುವ ಲೆಕ್ಕ. ಎರಡು ಮೂರು ವರ್ಷಕ್ಕೇ ಬಾಕ್ಸ್ "ಸೋತುಹೋಯಿತು" ಅನ್ನಿಸಿದಾಗ ಬೇರೊಂದು ಅಡಾಪ್ಟರ್ ಹಾಕಿ ನೋಡಿ ಎನ್ನುವುದು ಈ ಕಾರಣಕ್ಕೆ.

ಸ್ಟಿಕ್ ಆದರೆ ವಿಸ್ತರಣೆ ತಂತಿಯಿಂದ ಹೊರಗೆ ತೂಗಬಿಡಿ. ಬಾಕ್ಸ್ ಆದರೆ ಸೆಟ್‌ಟಾಪ್ ಬಾಕ್ಸ್ ಅಥವಾ ರೂಟರ್ ಮೇಲೆ ಪೇರಿಸಬೇಡಿ, ಮುಚ್ಚಿದ ಕಪಾಟಿನೊಳಗೆ ಇಡಬೇಡಿ. ಕ್ರೋಷಾ ಹೆಣಿಗೆಯ ಹೊದಿಕೆಯನ್ನು ಬಾಕ್ಸ್ ಮೇಲೆ ಹಾಸುವ ಮನೆಗಳನ್ನು ಬಹಳ ಕಂಡಿದ್ದೇನೆ. ಧೂಳು ಕೂರದಿರಲಿ ಎಂಬ ಕಾಳಜಿ ಒಳ್ಳೆಯದೇ. ಆದರೆ ಗಾಳಿಯ ಕಿಂಡಿ ಮುಚ್ಚಿದರೆ ಧೂಳಿಗಿಂತ ಹೆಚ್ಚು ಹಾನಿ. ಆ ಹೊದಿಕೆಯನ್ನು ಬಾಕ್ಸಿನ ಕೆಳಗೆ ಹಾಸಿ, ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ.

ಹೆಜ್ಜೆ 4: ವೈಫೈ

"ನಮ್ಮದು ನೂರು ಎಂಬಿಪಿಎಸ್ ಪ್ಲಾನ್, ಆದರೂ ಚಕ್ರ ಸುತ್ತುತ್ತದೆ" ಎನ್ನುವವರೇ ಹೆಚ್ಚು. ಪ್ಲಾನಿನ ವೇಗ ರೂಟರಿನವರೆಗೆ ಬರುವ ವೇಗ. ಬಾಕ್ಸಿನವರೆಗೆ ಎಷ್ಟು ಬರುತ್ತದೆ ಎನ್ನುವುದು ಬೇರೆಯೇ ಮಾತು. ನಿಜಕ್ಕೂ ಬೇಕಾಗುವುದು ಹೆಚ್ಚೇನಲ್ಲ. ನೆಟ್‌ಫ್ಲಿಕ್ಸ್ ಸೂಚಿಸುವುದು ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಎಂಬಿಪಿಎಸ್. ಅಷ್ಟು ವೇಗ ಎಡೆಬಿಡದೆ ಬಾಕ್ಸಿಗೆ ತಲುಪಬೇಕು, ಅಷ್ಟೇ.

ಬಾಕ್ಸಿನಲ್ಲಿಯೇ ಅಳೆಯಿರಿ. ಫೈರ್ ಟಿವಿಯಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್‌ಗೆ ಹೋಗಿ, ಜೋಡಿಸಿರುವ ವೈಫೈ ಹೆಸರಿನ ಮೇಲೆ ನಿಂತು ಪ್ಲೇ-ಪಾಸ್ ಗುಂಡಿ ಒತ್ತಿದರೆ ಸಂಪರ್ಕದ ಸ್ಥಿತಿ ತೋರಿಸುತ್ತದೆ. ಉಳಿದ ಬಾಕ್ಸ್‌ಗಳಲ್ಲಿ ನೆಟ್‌ಫ್ಲಿಕ್ಸ್ ಆ್ಯಪಿನ ಸಹಾಯ ವಿಭಾಗದಲ್ಲಿ ನೆಟ್‌ವರ್ಕ್ ಪರೀಕ್ಷೆ ಇದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ರಾತ್ರಿ ಮಾತ್ರ ಕುಸಿಯುತ್ತಿದ್ದರೆ, ರೂಟರಿಗೆ ಲ್ಯಾನ್ ತಂತಿಯಿಂದ ಜೋಡಿಸಿದ ಲ್ಯಾಪ್‌ಟಾಪಿನಲ್ಲೂ ಕುಸಿಯುತ್ತಿದ್ದರೆ, ತೊಂದರೆ ಸಂಪರ್ಕ ಕೊಟ್ಟವರ ಕಡೆಯದು. ದೂರು ಕೊಡುವಾಗ ಆ ಅಂಕಿಗಳನ್ನೇ ಮುಂದಿಡಿ.

ಹೆಚ್ಚಿನ ಮನೆಗಳ ವೈಫೈಗೆ ಎರಡು ದಾರಿಗಳಿವೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಆದರೆ ಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೊವೇವ್ ಒಲೆ ಎಲ್ಲ ಅದೇ ದಾರಿಯಲ್ಲಿ ತುಂಬಿರುತ್ತವೆ. 5 ಗಿಗಾಹರ್ಟ್ಸ್ ವೇಗವಾದದ್ದು, ಗೋಡೆ ದಾಟುವಷ್ಟರಲ್ಲಿ ಬಳಲುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ರೂಟರ್ ಟಿವಿಯ ಕೋಣೆಯಲ್ಲೇ ಇದ್ದರೆ, ಕಣ್ಣುಮುಚ್ಚಿ 5 ಗಿಗಾಹರ್ಟ್ಸ್ ಬಳಸಿ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆಗಳ ಮನೆಯಲ್ಲಿ, ರೂಟರ್ ಮೂರು ಕೋಣೆ ಆಚೆ ಇದ್ದರೆ, 2.4 ಗಿಗಾಹರ್ಟ್ಸ್ ಹೆಚ್ಚು ಸ್ಥಿರವಾಗಿರುತ್ತದೆ. ಎರಡನ್ನೂ ಎರಡೆರಡು ದಿನ ಬಳಸಿ ನೋಡಿ ತೀರ್ಮಾನಿಸಿ.

ಬಾಕ್ಸಿಗೆ ನಿಮ್ಮ 5 ಗಿಗಾಹರ್ಟ್ಸ್ ಹೆಸರು ಕಾಣಿಸುವುದೇ ಇಲ್ಲ ಎಂದಾದರೆ ರೂಟರಿನ ಸೆಟ್ಟಿಂಗಿನಲ್ಲಿ ವೈಫೈ ಚಾನೆಲನ್ನು 36, 40, 44, 48ರಲ್ಲಿ ಒಂದಕ್ಕೆ ನಿಲ್ಲಿಸಿ. ರೂಟರ್ ತಾನಾಗಿ ಆರಿಸುವ ಕೆಲವು ಚಾನೆಲ್‌ಗಳನ್ನು ಅಗ್ಗದ ಬಾಕ್ಸ್‌ಗಳು ಗುರುತಿಸುವುದಿಲ್ಲ. ಹಳೆಯ ಬಾಕ್ಸ್ ಹೊಸ ರೂಟರಿಗೆ ಸೇರಿಕೊಳ್ಳದಿದ್ದರೆ ಭದ್ರತೆಯ ಆಯ್ಕೆ ಡಬ್ಲ್ಯುಪಿಎ3ಕ್ಕೆ ಮಾತ್ರ ಸೀಮಿತವಾಗಿದೆಯೇ ನೋಡಿ, ಡಬ್ಲ್ಯುಪಿಎ2 ಕೂಡ ಇರುವ ಮಿಶ್ರ ಆಯ್ಕೆಗೆ ಬದಲಿಸಿ.

ಇಷ್ಟೆಲ್ಲದರ ಬದಲು ನನ್ನನ್ನು ಒಂದೇ ಸಲಹೆ ಕೇಳಿದರೆ ತಂತಿ ಎಳೆಯಿರಿ ಎನ್ನುತ್ತೇನೆ. ರೂಟರಿನಿಂದ ಬಾಕ್ಸಿಗೆ ಒಂದು ಲ್ಯಾನ್ ತಂತಿ. ಲ್ಯಾನ್ ಕಿಂಡಿ ಇಲ್ಲದ ಸ್ಟಿಕ್‌ಗಳಿಗೂ ಅಡಾಪ್ಟರ್ ಸಿಗುತ್ತದೆ. ಅವು ಹೆಚ್ಚಾಗಿ 100 ಎಂಬಿಪಿಎಸ್‌ಗೆ ಸೀಮಿತ. ಕಾಗದದ ಮೇಲೆ ವೈಫೈಗಿಂತ ಕಡಿಮೆ ಎನಿಸಿದರೂ 4ಕೆಗೆ ಬೇಕಾದ 15ಕ್ಕೆ ಅದು ಧಾರಾಳ, ಮತ್ತು ಆ ನೂರು ಏರಿಳಿಯುವುದಿಲ್ಲ. ಅಣ್ಣನ ಮನೆಯಲ್ಲಿ ಎರಡು ವರ್ಷದ ಹಿಂದೆ ಗೋಡೆಯಂಚಿನ ಪಟ್ಟಿಯೊಳಗೆ ಹದಿನೈದು ಮೀಟರ್ ತಂತಿ ಎಳೆದೆವು. ಆಮೇಲೆ ಆ ಬಾಕ್ಸಿನ ಬಗ್ಗೆ ಒಂದು ಫೋನೂ ಬಂದಿಲ್ಲ.

ಮೊಬೈಲ್ ಹಾಟ್‌ಸ್ಪಾಟಿನಿಂದ ಟಿವಿ ನೋಡುವವರು ಒಂದು ಲೆಕ್ಕ ನೆನಪಿಡಿ: ಎಚ್‌ಡಿ ಚಿತ್ರ ಗಂಟೆಗೆ 3 ಜಿಬಿವರೆಗೆ, 4ಕೆ ಗಂಟೆಗೆ 7 ಜಿಬಿವರೆಗೆ ನುಂಗುತ್ತದೆ. ದಿನಕ್ಕೆ 2 ಜಿಬಿ ಪ್ಲಾನಿನಲ್ಲಿ ಕ್ರಿಕೆಟ್ ಅರ್ಧದಲ್ಲೇ ನಿಂತರೆ ಬಾಕ್ಸಿನ ತಪ್ಪಿಲ್ಲ. ಆ್ಯಪಿನಲ್ಲಿ ಚಿತ್ರದ ಗುಣಮಟ್ಟ ಇಳಿಸಿಕೊಳ್ಳಿ.

ಹೆಜ್ಜೆ 5: ಒಳಗಿನ ಜಾಗ

ಬಹಳಷ್ಟು ಸ್ಟಿಕ್‌ಗಳಲ್ಲಿ ಒಟ್ಟು ಜಾಗ 8 ಜಿಬಿ. ಅದರಲ್ಲಿ ದೊಡ್ಡ ಪಾಲನ್ನು ವ್ಯವಸ್ಥೆಯೇ ಹಿಡಿದಿರುತ್ತದೆ. ಉಳಿದದ್ದರಲ್ಲಿ ಏಳೆಂಟು ಒಟಿಟಿ ಆ್ಯಪ್ ಕೂರಿಸಿದರೆ ಮುಗಿಯಿತು. ಜಾಗ ಖಾಲಿಯಾದಾಗ ಅಪ್‌ಡೇಟ್ ಇಳಿಯುವುದಿಲ್ಲ, ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಒಂದು ಜಿಬಿಯಷ್ಟಾದರೂ ಸದಾ ಖಾಲಿ ಇಟ್ಟುಕೊಳ್ಳಿ.

ಫೈರ್ ಟಿವಿ ಮತ್ತು ಆಂಡ್ರಾಯ್ಡ್ ಬಾಕ್ಸ್‌ಗಳಲ್ಲಿ ಸೆಟ್ಟಿಂಗ್ಸ್‌ನ ಅಪ್ಲಿಕೇಶನ್ಸ್ ಪಟ್ಟಿಯಲ್ಲಿ ಪ್ರತಿ ಆ್ಯಪಿಗೂ ಎರಡು ಆಯ್ಕೆಗಳಿರುತ್ತವೆ. ಕ್ಲಿಯರ್ ಕ್ಯಾಶೆ ಒತ್ತಿದರೆ ತಾತ್ಕಾಲಿಕ ಕಡತಗಳು ಮಾತ್ರ ಹೋಗುತ್ತವೆ, ಏನೂ ನಷ್ಟವಿಲ್ಲ. ಕ್ಲಿಯರ್ ಡೇಟಾ ಒತ್ತಿದರೆ ಲಾಗಿನ್ ಕೂಡ ಹೋಗುತ್ತದೆ. ಪಾಸ್‌ವರ್ಡ್ ಮಗನ ಬಳಿ, ಮಗ ಜರ್ಮನಿಯಲ್ಲಿ, ಒಟಿಪಿ ಅವನ ಫೋನಿಗೆ ಎಂಬ ಪರಿಸ್ಥಿತಿ ಇದ್ದರೆ ಕ್ಲಿಯರ್ ಡೇಟಾ ಮುಟ್ಟಬೇಡಿ. ಆರು ತಿಂಗಳಿಂದ ತೆರೆಯದ ಆ್ಯಪ್ ಇದ್ದರೆ ತೆಗೆದುಹಾಕಿ. ಕೆಲಸ ಮುಗಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ.

ರಿಮೋಟಿನ ಆನ್-ಆಫ್ ಗುಂಡಿ ಬಾಕ್ಸನ್ನು ಮಲಗಿಸುತ್ತದೆಯೇ ಹೊರತು ರೀಸ್ಟಾರ್ಟ್ ಮಾಡುವುದಿಲ್ಲ. ಫೈರ್ ಟಿವಿಯಲ್ಲಿ ನಡುವಿನ ಗುಂಡಿ ಮತ್ತು ಪ್ಲೇ-ಪಾಸ್ ಗುಂಡಿಯನ್ನು ಒಟ್ಟಿಗೆ ಐದು ಸೆಕೆಂಡ್ ಒತ್ತಿ ಹಿಡಿದರೆ ರೀಸ್ಟಾರ್ಟ್ ಆಗುತ್ತದೆ. ಬೇರೆ ಬಾಕ್ಸ್‌ಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಆಯ್ಕೆ ಇದೆ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಒಳ್ಳೆಯದು.

ಹೆಜ್ಜೆ 6: ಗಡಿಯಾರ ಮತ್ತು ಪ್ರಮಾಣಪತ್ರ

ಬಾಕ್ಸ್ ಮತ್ತು ಸರ್ವರ್ ಮಾತನಾಡುವ ಮೊದಲು ಡಿಜಿಟಲ್ ಪ್ರಮಾಣಪತ್ರದ ಮೂಲಕ ಗುರುತು ಖಚಿತಪಡಿಸಿಕೊಳ್ಳುತ್ತವೆ. ಪ್ರತಿ ಪ್ರಮಾಣಪತ್ರಕ್ಕೂ ಆರಂಭದ ದಿನ, ಮುಗಿಯುವ ದಿನ ಇರುತ್ತದೆ. ಬಾಕ್ಸಿನ ತಾರೀಕು ತಪ್ಪಾಗಿದ್ದರೆ ಸರಿಯಾದ ಪ್ರಮಾಣಪತ್ರವೂ ಅದಕ್ಕೆ ಅವಧಿ ಇನ್ನೂ ಶುರುವಾಗದ್ದಾಗಿ ಅಥವಾ ಮುಗಿದದ್ದಾಗಿ ಕಾಣುತ್ತದೆ, ಯಾವ ಆ್ಯಪೂ ತೆರೆಯುವುದಿಲ್ಲ. ಅಗ್ಗದ ಬಾಕ್ಸ್‌ಗಳಲ್ಲಿ ಗಡಿಯಾರಕ್ಕೆ ಬೇರೆ ಬ್ಯಾಟರಿ ಇರುವುದಿಲ್ಲವಾದ್ದರಿಂದ ಕರೆಂಟ್ ಹೋಗಿ ಬಂದ ಮೇಲೆ ಹೀಗಾಗುವುದುಂಟು. ಸೆಟ್ಟಿಂಗ್ಸ್‌ನಲ್ಲಿ ತಾರೀಕು ಮತ್ತು ಸಮಯ ನೆಟ್‌ವರ್ಕ್‌ನಿಂದ ತಾನಾಗಿ ಬರುವಂತೆ ಇದೆಯೇ ನೋಡಿ.

ತಪ್ಪು ಕಂಪನಿಯ ಕಡೆಯಿಂದಲೂ ಆಗಬಹುದು. 2015ರ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು 2025ರ ಮಾರ್ಚ್ 9ರ ಹೊತ್ತಿಗೆ ಜಗತ್ತಿನಾದ್ಯಂತ ಒಟ್ಟಿಗೆ ನಿಂತುಹೋದವು. ಇದು ನಂಬಲರ್ಹ ಸಾಧನವಲ್ಲ ಎಂಬ ಸಂದೇಶ ಬರುತ್ತಿತ್ತು. ಒಳಗಿನ ಪ್ರಮಾಣಪತ್ರವೊಂದರ ಹತ್ತು ವರ್ಷದ ಅವಧಿ ಮುಗಿದದ್ದೇ ಕಾರಣ. ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಬೇಡಿ ಎಂದು ಗೂಗಲ್ ಎಚ್ಚರಿಸಿತು. ಕೆಲವೇ ದಿನಗಳಲ್ಲಿ ಪರಿಹಾರ ಅಪ್‌ಡೇಟ್ ಬಂತು, ಸುಮ್ಮನೆ ಕಾದವರ ಕ್ರೋಮ್‌ಕಾಸ್ಟ್‌ಗಳು ತಾವಾಗಿ ಸರಿಹೋದವು. ಗಡಿಬಿಡಿಯಲ್ಲಿ ರೀಸೆಟ್ ಮಾಡಿದವರಿಗೆ ಮತ್ತೆ ಜೋಡಿಸಿಕೊಳ್ಳುವುದೇ ಕಷ್ಟವಾಯಿತು. ಆದ್ದರಿಂದ ಬಾಕ್ಸ್ ಇದ್ದಕ್ಕಿದ್ದಂತೆ, ನೀವೇನೂ ಬದಲಿಸದೆ, ಪೂರ್ತಿ ನಿಂತರೆ ಮೊದಲು ಅದೇ ಮಾದರಿ ಇರುವ ಇನ್ನೊಬ್ಬರನ್ನು ಕೇಳಿ. ಅವರದೂ ನಿಂತಿದ್ದರೆ ಕೈ ಕಟ್ಟಿ ಕಾಯುವುದೇ ಸರಿಯಾದ ದುರಸ್ತಿ.

ಹೆಜ್ಜೆ 7: ಎಚ್‌ಡಿಎಂಐ ಮತ್ತು ರಿಮೋಟ್

ಚಿತ್ರ ಮಿಣುಕುತ್ತಿದ್ದರೆ, ಕ್ಷಣಕಾಲ ಕಪ್ಪಾಗಿ ಮರಳುತ್ತಿದ್ದರೆ, ಸೆಟ್ಟಿಂಗಿನಲ್ಲಿ ರೆಸಲ್ಯೂಶನ್ 4ಕೆಯಿಂದ 1080ಕ್ಕೆ ಇಳಿಸಿ ನೋಡಿ. ಆಗ ಸರಿಹೋದರೆ ತಂತಿ ಸಾಲುತ್ತಿಲ್ಲ ಎಂದರ್ಥ, ತಂತಿ ಬದಲಿಸಿ. ಹಳೆಯ 4ಕೆ ಟಿವಿಗಳಲ್ಲಿ ಎಲ್ಲ ಕಿಂಡಿಗಳೂ ನಕಲಾಗದಂತೆ ಸಂರಕ್ಷಿಸಿದ 4ಕೆ ಚಿತ್ರವನ್ನು ಒಪ್ಪುವುದಿಲ್ಲ. ಕಿಂಡಿಯ ಪಕ್ಕ ಎಚ್‌ಡಿಸಿಪಿ 2.2 ಎಂದು ಬರೆದಿರುವುದಕ್ಕೇ ಹಾಕಿ.

ನಡುರಾತ್ರಿ ಟಿವಿ ತಾನಾಗಿ ಆನ್ ಆಯಿತೆಂದು ಒಬ್ಬ ನೆರೆಯವರು ಹೆದರಿದ್ದರು. ಒಂದೇ ರಿಮೋಟಿನಿಂದ ಎರಡನ್ನೂ ನಡೆಸಲೆಂದು ಎಚ್‌ಡಿಎಂಐ ತಂತಿಯ ಮೂಲಕ ಟಿವಿ ಮತ್ತು ಬಾಕ್ಸ್ ಪರಸ್ಪರ ಆಜ್ಞೆ ಕೊಡುತ್ತವೆ. ರಾತ್ರಿ ಬಾಕ್ಸ್ ಅಪ್‌ಡೇಟ್‌ಗೆ ಎದ್ದಾಗ ಟಿವಿಯನ್ನೂ ಎಬ್ಬಿಸಬಹುದು. ಸ್ಯಾಮ್‌ಸಂಗ್ ಟಿವಿಯಲ್ಲಿ ಇದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಅದನ್ನು ಆಫ್ ಮಾಡಿದರೆ ಟಿವಿ ರಾತ್ರಿ ಮಲಗಿರುತ್ತದೆ.

ರಿಮೋಟ್ ಸ್ಪಂದಿಸದಿದ್ದರೆ ಸೆಲ್ ಬದಲಿಸಿ, ಎರಡೂ ಹೊಸದಿರಲಿ. ಫೈರ್ ಟಿವಿ ರಿಮೋಟ್ ಬೇರ್ಪಟ್ಟಿದ್ದರೆ ಹೋಮ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ.

ಹೆಜ್ಜೆ 8: ರೀಸೆಟ್

ಮೇಲಿನದೆಲ್ಲ ಆದ ಮೇಲೂ ಸರಿಹೋಗದಿದ್ದರೆ ಮಾತ್ರ. ಮೊದಲು ಎಲ್ಲ ಆ್ಯಪ್‌ಗಳ ಲಾಗಿನ್ ಯಾವ ಮೊಬೈಲ್ ನಂಬರಿನದು, ವೈಫೈ ಪಾಸ್‌ವರ್ಡ್ ಏನು ಎಂದು ಕಾಗದದಲ್ಲಿ ಬರೆಯಿರಿ. ಒಟಿಪಿ ಬರುವ ಫೋನ್ ಕೈಯಲ್ಲಿರಲಿ. ಆಮೇಲೆ ಸೆಟ್ಟಿಂಗ್ಸ್ ಮೂಲಕವೇ ಮಾಡಿ. ರೀಸೆಟ್ ಆಗುವಾಗ ಕರೆಂಟ್ ಹೋಗಬಾರದು. ಆದ್ದರಿಂದ ಮೋಡವಿಲ್ಲದ ದಿನ ಅಥವಾ ಇನ್ವರ್ಟರಿನ ಪ್ಲಗ್ ಆರಿಸಿ. ರೀಸೆಟ್ ಆದ ಮೇಲೂ ಕಂಪನಿಯ ಲಾಂಛನದಲ್ಲೇ ನಿಂತುಬಿಡುತ್ತಿದ್ದರೆ, ಬೇರೆ ಅಡಾಪ್ಟರಿನಲ್ಲೂ ಹಾಗೆಯೇ ಆದರೆ, ಒಳಗಿನ ಮೆಮೊರಿಯೇ ಸತ್ತಿರುವ ಸಂಭವ ಹೆಚ್ಚು. ಆಗ ಹೊಸದು ತರುವುದೇ ಸರಿ.

ಹೊಸದು ಕೊಳ್ಳುವಾಗ

ಮೊದಲು ನೋಡಬೇಕಾದದ್ದು ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ ಎಂಬುದು. ಯಂತ್ರ ಗಟ್ಟಿಯಾಗಿದ್ದರೂ ಆ್ಯಪ್‌ಗಳು ಬಿಟ್ಟುಹೋದರೆ ಅದು ನಿರುಪಯೋಗಿ. ಅಮೆರಿಕದಲ್ಲಿ ಬಹಳ ಮನೆಗಳಲ್ಲಿರುವ ರೋಕುವಿನ ಕೆಲವು ಹಳೆಯ ಮಾದರಿಗಳಲ್ಲಿ ನೆಟ್‌ಫ್ಲಿಕ್ಸ್ 2019ರ ಡಿಸೆಂಬರ್‌ನಲ್ಲಿ ನಿಂತಿತು. ಆ ಬಾಕ್ಸ್‌ಗಳು ಕೆಟ್ಟಿರಲಿಲ್ಲ. ವಿದೇಶದ ಮಕ್ಕಳು ತಮ್ಮ ಹಳೆಯ ಬಾಕ್ಸನ್ನು ಊರಿಗೆ ತಂದುಕೊಡುವಾಗ ಇದನ್ನು ನೋಡಿಯೇ ತನ್ನಿ. ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದಿದೆಯೇ ಎಂಬುದನ್ನೂ ನೋಡಿ.

ಎರಡನೆಯದು, ಚಿತ್ರ ನಕಲಾಗದಂತೆ ಕಾಯುವ ವೈಡ್‌ವೈನ್ ಎಂಬ ಸಂರಕ್ಷಣಾ ವ್ಯವಸ್ಥೆಯ ಮಟ್ಟ. ಎಲ್1 ಇದ್ದರೆ ಒಟಿಟಿ ಆ್ಯಪ್‌ಗಳು ಎಚ್‌ಡಿ ಕೊಡುತ್ತವೆ. ಎಲ್3 ಮಾತ್ರ ಇರುವ ಅಗ್ಗದ ಬಾಕ್ಸಿನ ಮೇಲೆ 8ಕೆ ಎಂದು ಅಚ್ಚಾಗಿದ್ದರೂ ಚಿತ್ರ ಮಾಮೂಲಾಗಿ 480ರ ಮಟ್ಟದಲ್ಲೇ ಮಸುಕಾಗಿ ನಿಲ್ಲುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ನಾನು ಕಳಕಳಿಯಿಂದ ಹೇಳುವುದು. ಎಲ್ಲ ಚಾನೆಲ್ ಜೀವನಪೂರ್ತಿ ಉಚಿತ ಎಂದು ಮಾರುವ, ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸನ್ನು ಮನೆಯೊಳಗೆ ತರಬೇಡಿ. ಇಂಥ ಬಾಕ್ಸ್‌ಗಳಲ್ಲಿ ಕಾರ್ಖಾನೆಯಿಂದಲೇ ಅಥವಾ ಮೊದಲ ಸಲ ಜೋಡಿಸುವಾಗ ಕುತಂತ್ರಾಂಶ ಸೇರಿಕೊಂಡಿರುತ್ತದೆ ಎಂದು ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಸಿತು. ಹೀಗೆ ಕುತಂತ್ರಾಂಶ ಸೇರಿದ ಸಾಧನಗಳ ಜಾಲದ ಹೆಸರು ಬ್ಯಾಡ್‌ಬಾಕ್ಸ್ 2.0. ಮರು ತಿಂಗಳು ಗೂಗಲ್ ಅದರ ಹಿಂದಿನವರ ಮೇಲೆ ನ್ಯೂಯಾರ್ಕ್‌ನಲ್ಲಿ ದಾವೆ ಹೂಡಿದಾಗ ಹೇಳಿದ ಲೆಕ್ಕ ಒಂದು ಕೋಟಿಗೂ ಹೆಚ್ಚು ಸಾಧನಗಳು. ಈ ಬಾಕ್ಸ್ ನಿಮಗೆ ಸಿನಿಮಾ ತೋರಿಸುತ್ತಲೇ ನಿಮ್ಮ ಇಂಟರ್‌ನೆಟ್ ಸಂಪರ್ಕವನ್ನು ಅಪರಿಚಿತರಿಗೆ ಬಾಡಿಗೆಗೆ ಕೊಡುತ್ತದೆ. ಅವರು ಮಾಡುವ ವಂಚನೆ ನಿಮ್ಮ ಮನೆಯ ವಿಳಾಸದಿಂದ ಹೊರಟಂತೆ ಕಾಣುತ್ತದೆ. ಅಪಾಯಕಾರಿ ಆ್ಯಪ್‌ಗಳನ್ನು ತಡೆಯುವ ಗೂಗಲ್ ಪ್ಲೇ ಪ್ರೊಟೆಕ್ಟನ್ನು ಆಫ್ ಮಾಡಿ ಎಂದು ಬಾಕ್ಸಿನ ಸೂಚನಾ ಹಾಳೆಯಲ್ಲೇ ಇದ್ದರೆ ಅದು ಸ್ಪಷ್ಟ ಗುರುತು. ಈಗಾಗಲೇ ಮನೆಯಲ್ಲಿದ್ದರೆ ಇಂದೇ ವೈಫೈಯಿಂದ ಬೇರ್ಪಡಿಸಿ. ಅದರಲ್ಲಿ ಬಳಸಿದ ಖಾತೆಗಳ ಪಾಸ್‌ವರ್ಡ್‌ಗಳನ್ನು ಮೊಬೈಲಿನಿಂದ ಬದಲಿಸಿ.

ಬಾಕ್ಸ್ ಮತ್ತು ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೊದ ಗುರುತಿನೊಂದಿಗೆ ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಯ ಯಾವ ವಸ್ತುವಿಗೆ ಕೊಟ್ಟದ್ದೆಂದು ತಿಳಿಯುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದು, ಒಂದು ನಿಮಿಷದ ಕೆಲಸ.

ದೂರದಲ್ಲಿರುವ ಹಿರಿಯರಿಗಾಗಿ

ಚಿಕ್ಕಮ್ಮನ ಟಿವಿಯ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿ ಬಂದಿದ್ದೇನೆ. ದೊಡ್ಡ ಅಕ್ಷರದಲ್ಲಿ, ನಾಲ್ಕೇ ಸಾಲು. ಕರೆಂಟ್ ಬಂದ ಮೇಲೆ ಐದು ನಿಮಿಷ ಕಾಯಿರಿ. ನಡುವಿನ ಗುಂಡಿ ಮತ್ತು ಪ್ಲೇ ಗುಂಡಿ ಒಟ್ಟಿಗೆ, ಐದು ಎಣಿಸುವವರೆಗೆ. ಸೆಟ್ಟಿಂಗ್ಸ್ ತೆರೆಯಬೇಡಿ, ಪರದೆಯ ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡಿ. ಗುಡುಗಿದರೆ ಕೆಂಪು ಟೇಪ್ ಸುತ್ತಿದ ಮೂರೂ ತಂತಿ ಕಿತ್ತಿಡಿ, ಮೋಡ ಕಂಡಾಗಲೇ.

ಕೊನೆಯ ಸಾಲಿನ "ಗುಡುಗಿದರೆ" ಎಂಬುದನ್ನು ಚಿಕ್ಕಮ್ಮ ಪೆನ್ನಿನಿಂದ ಹೊಡೆದುಹಾಕಿದ್ದಾರೆ. ಮೋಡ ಕಂಡಾಗಲೇ ಎಂದಷ್ಟೇ ಉಳಿದಿದೆ.